ಹಿಂದೆ ಕುಸಿದ ಗಾಡಿ, ಮುಂದೆ ಹಗುರಾದ ಸ್ಟಿಯರಿಂಗ್: ಟ್ರೇಲರ್ ಹಿಚ್ ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಟ್ರಾವೆಲ್ ಟ್ರೇಲರ್ ಸಾಮಾನು ತುಂಬಿದಾಗ 2500 ಕೆ.ಜಿ. ತೂಗುತ್ತದೆ. ಅದನ್ನು ಕಟ್ಟಿದ ಕೂಡಲೇ ಗಾಡಿಯ ಹಿಂಭಾಗ ಕುಸಿದು ಹೆಡ್‌ಲೈಟ್ ಮರದ ತುದಿ ನೋಡುತ್ತದೆ. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ತಂದಿದ್ದೇವೆ. ಅದರ ಸ್ಪ್ರಿಂಗ್ ಬಾರುಗಳ ಚೈನನ್ನು ಎಷ್ಟನೇ ಕೊಂಡಿಗೆ ಸಿಕ್ಕಿಸಬೇಕು?

ಉತ್ತರ: ಕೊಂಡಿ ಎಣಿಸುವ ಕೆಲಸ ಕೊನೆಗೆ. ಮೊದಲು ಟೇಪು ತೆಗೆದುಕೊಳ್ಳಿ.

ಈ ಹಿಚ್ ಒಂದು ಕೆ.ಜಿ.ಯನ್ನೂ ಕಡಿಮೆ ಮಾಡುವುದಿಲ್ಲ, ಇರುವ ಭಾರವನ್ನು ಬೇರೆ ಚಕ್ರಗಳಿಗೆ ಹಂಚುತ್ತದೆ, ಅಷ್ಟೆ. ನಿಮ್ಮ ಟ್ರೇಲರಿನ ಮೂತಿ ಬಾಲ್ (ಗಾಡಿಯ ಹಿಂದಿನ ಹಿಚ್ ಗುಂಡು) ಮೇಲೆ 300 ಕೆ.ಜಿ. ಹೇರುತ್ತದೆ ಎಂದುಕೊಳ್ಳಿ. ಹಿಂದಿನ ಆಕ್ಸಲ್‌ನಿಂದ ಬಾಲ್ 120 ಸೆಂ.ಮೀ. ಹಿಂದಿದೆ, ಎರಡು ಆಕ್ಸಲ್‌ಗಳ ನಡುವಿನ ಅಂತರ 300 ಸೆಂ.ಮೀ. ಇದೆ. ಆಗ ಮುಂದಿನ ಆಕ್ಸಲ್ 120 ಕೆ.ಜಿ. ಕಳೆದುಕೊಳ್ಳುತ್ತದೆ, ಹಿಂದಿನದು 300 ಅಲ್ಲ, 420 ಕೆ.ಜಿ. ಹೊರುತ್ತದೆ. ಸ್ಟಿಯರಿಂಗ್ ಹಗುರಾಗುವುದು ಇದರಿಂದಲೇ. ಎರಡು ಬದಿಯ ಉಕ್ಕಿನ ಸರಳುಗಳಾದ ಸ್ಪ್ರಿಂಗ್ ಬಾರುಗಳು, ಬಾಲ್ ಕೂತಿರುವ ಹಿಚ್ ಹೆಡ್ಡನ್ನು ಸನ್ನೆಕೋಲಿನಂತೆ ತಿರುಚಿ, ಆ ಭಾರದಲ್ಲಿ ಒಂದು ಪಾಲನ್ನು ಮುಂದಿನ ಚಕ್ರಗಳಿಗೂ ಇನ್ನೊಂದು ಪಾಲನ್ನು ಟ್ರೇಲರಿನ ಚಕ್ರಗಳಿಗೂ ದಾಟಿಸುತ್ತವೆ.

ಸಮತಟ್ಟಾದ ಗಟ್ಟಿ ನೆಲ ಹುಡುಕಿ. ಪ್ರವಾಸಕ್ಕೆ ಹೊರಡುವಾಗ ಏನೇನು ಇರುತ್ತದೋ ಅದನ್ನೆಲ್ಲ ತುಂಬಿ: ಇಂಧನ, ನೀರು, ಸಾಮಾನು. ಖಾಲಿ ಗಾಡಿಯಲ್ಲಿ ಮಾಡಿದ ಹೊಂದಾಣಿಕೆ ಹೊರಟ ದಿನ ಕೆಲಸಕ್ಕೆ ಬಾರದು. ಎಲ್ಲ ಟಯರುಗಳ ಗಾಳಿ ನೋಡಿ. ಟ್ರೇಲರ್ ಕಟ್ಟುವ ಮುನ್ನ, ಮುಂದಿನ ಚಕ್ರದ ಮೇಲಿನ ಕಮಾನಿನ ಅಂಚಿನಿಂದ ನೆಲದವರೆಗೆ ಅಳೆದು ಬರೆದಿಡಿ.

ಟ್ರೇಲರ್ ಫ್ರೇಮಿನ ಮೇಲೆ ರಸಮಟ್ಟ ಇಟ್ಟು ಜಾಕಿಯಿಂದ ಮಟ್ಟ ಮಾಡಿ, ನೆಲದಿಂದ ಕಪ್ಲರಿನ (ಬಾಲ್ ಮೇಲೆ ಕೂರುವ ಮೂತಿಯ ಬಟ್ಟಲು) ಎತ್ತರ ಅಳೆಯಿರಿ. ಬಾಲಿನ ನೆತ್ತಿ ಅದಕ್ಕೆ ಸರಿಸಮ, ಅಥವಾ ಸುಮಾರು 25 ಮಿ.ಮೀ.ವರೆಗೆ ಮೇಲಿರಲಿ, ಭಾರ ಬಿದ್ದಾಗ ಹೇಗೂ ಇಳಿಯುತ್ತದೆ. ಬಾಲ್ ನಟ್ ಬಿಗಿಯಲು ಟಾರ್ಕ್ ರೆಂಚ್ ಬೇಕೇ ಬೇಕು. ತಯಾರಕರು ಹೇಳುವ ಬಿಗಿ ಸಾಮಾನ್ಯ ಸ್ಪ್ಯಾನರಿನಿಂದ, ಎಷ್ಟು ಜಗ್ಗಿದರೂ, ನಂಬಿಕೆಯಿಂದ ಸಿಗುವಂಥದ್ದಲ್ಲ.

ಈಗ ಬಾರುಗಳಿಲ್ಲದೆ ಕಪ್ಲರನ್ನು ಬಾಲ್ ಮೇಲೆ ಕೂರಿಸಿ ಕಮಾನಿನ ಎರಡನೇ ಅಳತೆ ತೆಗೆದುಕೊಳ್ಳಿ. ಮೊದಲು 900 ಮಿ.ಮೀ. ಇದ್ದದ್ದು 940 ಆಯಿತು ಎನ್ನೋಣ. ಬಾರು ಬಿಗಿದ ಮೇಲೆ ಅದು ಎಷ್ಟಕ್ಕೆ ಇಳಿಯಬೇಕು ಎಂಬುದನ್ನು ಗಾಡಿಯ ಕೈಪಿಡಿ ಹೇಳುತ್ತದೆ. ಕೆಲವು ತಯಾರಕರು ಏರಿದ್ದರಲ್ಲಿ ಅರ್ಧ ಇಳಿದರೆ ಸಾಕು ಎನ್ನುತ್ತಾರೆ, ಅಂದರೆ 920. ಕೆಲವರು ಪೂರ್ತಿ 900ಕ್ಕೆ ತರಲು ಹೇಳುತ್ತಾರೆ. 900ಕ್ಕಿಂತ ಕೆಳಗೆ ಮಾತ್ರ ಹೋಗಬಾರದು.

ಬಾರು ಸಿಕ್ಕಿಸುವಾಗ ತೋಳ್ಬಲ ತೋರಿಸಬೇಡಿ. ಕಪ್ಲರ್ ಲಾಕ್ ಮಾಡಿ, ಪಿನ್ ಹಾಕಿ, ಜಾಕಿಯಿಂದ ಕಪ್ಲರನ್ನೂ ಗಾಡಿಯ ಹಿಂಭಾಗವನ್ನೂ ಒಟ್ಟಿಗೆ ಎತ್ತಿ. ಬಾರುಗಳ ಮೇಲಿನ ಒತ್ತಡ ಸಡಿಲವಾದಾಗ ಚೈನು ಸಲೀಸಾಗಿ ಟ್ರೇಲರ್ ಫ್ರೇಮಿನ ಬ್ರ್ಯಾಕೆಟ್ಟಿಗೆ ಬರುತ್ತದೆ. ಎತ್ತದೆ ಹಿಡಿಕೆಯಿಂದ ಮೀಟಿದರೆ, ಕೈ ಜಾರಿದ ಕ್ಷಣ ಆ ಹಿಡಿಕೆ ಮುಖದತ್ತ ಚಿಮ್ಮುತ್ತದೆ. ಎರಡೂ ಬದಿ ಒಂದೇ ಸಂಖ್ಯೆಯ ಕೊಂಡಿ ಇರಲಿ. ಬಾರಿನಿಂದ ಬ್ರ್ಯಾಕೆಟ್ಟಿನವರೆಗೆ ಕನಿಷ್ಠ 5 ಕೊಂಡಿ ಬಿಗಿಯಾಗಿ ನಿಂತಿರಬೇಕು ಎಂಬುದು ಚೈನಿನ ಹಿಚ್‌ಗಳಲ್ಲಿ ರೂಢಿಯ ಲೆಕ್ಕ. ಅದಕ್ಕಿಂತ ಗಿಡ್ಡವಾದರೆ ತಿರುವಿನಲ್ಲಿ ಬಾರು ಓಡಾಡಲು ಜಾಗ ಸಾಲದೆ ಚೈನು ಜಗ್ಗುತ್ತದೆ.

ಜಾಕಿ ಇಳಿಸಿ ಮೂರನೇ ಸಲ ಅಳೆಯಿರಿ. ಕಮಾನು ಸಾಕಷ್ಟು ಇಳಿದಿಲ್ಲವೆಂದರೆ ಎರಡೂ ಬದಿ ಒಂದೊಂದು ಕೊಂಡಿ ಮೇಲೆ ಹಿಡಿಯಿರಿ. 5 ಕೊಂಡಿ ಉಳಿಯದಿದ್ದರೆ ಹಿಚ್ ಹೆಡ್ಡಿನ ಓರೆಯನ್ನೇ ಬದಲಿಸಬೇಕು: ಬಾರು ಕಳಚಿ, ವಾಷರ್ ಸೇರಿಸಿ, ಬಾರುಗಳ ತುದಿ ಇನ್ನಷ್ಟು ನೆಲದತ್ತ ಬಾಗುವಂತೆ ಮಾಡಿ. ಎಲ್ಲ ಸರಿಹೋದಾಗ ಬಾರುಗಳು ಟ್ರೇಲರ್ ಫ್ರೇಮಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ. ಕೊನೆಗೆ ವೇಬ್ರಿಡ್ಜ್‌ನಲ್ಲಿ ಒಂದೊಂದೇ ಆಕ್ಸಲ್ ತೂಗಿಸಿ ನೋಡಿದರೆ ಅನುಮಾನವೇ ಉಳಿಯದು. ಕಪ್ಲರ್ ಕಳಚಿದರೆ ಟ್ರೇಲರನ್ನು ಹಿಡಿದಿಡುವ ಸೇಫ್ಟಿ ಚೈನು ಬೇರೆ, ಬಾರಿನ ಈ ಚೈನು ಬೇರೆ. ಒಂದಿದೆ ಎಂದು ಇನ್ನೊಂದನ್ನು ಬಿಡುವಂತಿಲ್ಲ.

ಪ್ರಶ್ನೆ: ಮೂತಿಯ ಭಾರವನ್ನು ಮನೆಯಲ್ಲೇ ತಿಳಿಯಬಹುದೇ? ನಮ್ಮಲ್ಲಿರುವುದು ಮನುಷ್ಯರ ತೂಕ ನೋಡುವ ಯಂತ್ರ ಮಾತ್ರ.

ಉತ್ತರ: ಅದೇ ಸಾಕು, ನೇರವಾಗಿ ಅದರ ಮೇಲೆ ಮೂತಿ ಇಳಿಸಬೇಡಿ. ಗಟ್ಟಿಯಾದ ತೊಲೆಯ ಒಂದು ತುದಿಗೆ ಇಟ್ಟಿಗೆ, ಇನ್ನೊಂದು ತುದಿಗೆ ಯಂತ್ರ ಇಡಿ. ತೊಲೆ ಎರಡೂ ಕಡೆ ಒಂದೊಂದು ಪೈಪಿನ ತುಂಡಿನ ಮೇಲೆ ಕೂರಲಿ. ಪೈಪುಗಳ ನಡುವಿನ ಅಂತರ 120 ಸೆಂ.ಮೀ. ಈ ಸ್ಥಿತಿಯಲ್ಲಿ ಯಂತ್ರವನ್ನು ಸೊನ್ನೆಗೆ ತನ್ನಿ. ಟ್ರೇಲರಿನ ಚಕ್ರಗಳಿಗೆ ಅಡ್ಡ ಇಟ್ಟು, ಇಟ್ಟಿಗೆಯ ಕಡೆಯ ಪೈಪಿನಿಂದ 30 ಸೆಂ.ಮೀ. ದೂರದಲ್ಲಿ ಒಂದು ಗೂಟ ನಿಲ್ಲಿಸಿ ಅದರ ಮೇಲೆ ಕಪ್ಲರ್ ಇಳಿಸಿ. ಕಂಡ ಸಂಖ್ಯೆಯನ್ನು 4ರಿಂದ ಗುಣಿಸಿ: 75 ತೋರಿಸಿದರೆ 300 ಕೆ.ಜಿ. ಜಾಕಿಯ ಕಾಲನ್ನಲ್ಲ, ಕಪ್ಲರನ್ನೇ ಇಳಿಸಬೇಕು. ಜಾಕಿ ಬಾಲಿಗಿಂತ ಹಿಂದಿರುವುದರಿಂದ ತೂಕ ಹೆಚ್ಚು ತೋರಿಸುತ್ತದೆ. ಕಪ್ಲರಿನ ಎತ್ತರವೂ ಎಳೆಯುವಾಗ ಇರುವಷ್ಟೇ ಇರಲಿ.

ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಮೂತಿಯ ಮೇಲಿರಬೇಕು. ಬಾರು ಆರಿಸುವಾಗ ಇದಕ್ಕೆ ಗಾಡಿಯ ಹಿಂದಿನ ಆಕ್ಸಲ್ ಆಚೆಗಿರುವ ಸಾಮಾನಿನ ತೂಕವನ್ನೂ ಕೂಡಿಸಿ. ಇರಲಿ ಎಂದು ತೀರಾ ದಪ್ಪ ಬಾರು ತಂದರೆ ಸವಾರಿ ಬಿರುಸಾಗುತ್ತದೆ, ಟ್ರೇಲರ್ ಫ್ರೇಮಿಗೂ ಪೆಟ್ಟು. ಹಿಚ್ ಸಿಕ್ಕಿಸುವ ಗಾಡಿಯ ರಿಸೀವರ್ ಮೇಲಿನ ಪಟ್ಟಿಯನ್ನೂ ಓದಿ. ಸಾದಾ ಹಿಚ್‌ಗೆ ಒಂದು ಮಿತಿ, ಈ ಹಿಚ್‌ಗೆ ಇನ್ನೊಂದು ಮಿತಿ ಬರೆದಿರಬಹುದು.

ಪ್ರಶ್ನೆ: ಹಿಚ್ ಹಾಕಿದ ಮೇಲೂ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಚೈನು ಇನ್ನೂ ಬಿಗಿಯಬೇಕೇ?

ಉತ್ತರ: ಬೇಡ. ಅತಿಯಾಗಿ ಬಿಗಿದರೆ ಹಿಂದಿನ ಚಕ್ರಗಳು ಹಗುರಾಗಿ, ಒದ್ದೆ ರಸ್ತೆಯ ತಿರುವಿನಲ್ಲಿ ಬ್ರೇಕ್ ಹಾಕಿದಾಗ ಗಾಡಿಯ ಹಿಂಭಾಗವೇ ಜಾರುತ್ತದೆ. ಓಲಾಟಕ್ಕೆ ಸಾಮಾನ್ಯ ಕಾರಣ ಮೂತಿಯಲ್ಲಿ ಭಾರ ಸಾಲದಿರುವುದು. ಹಿಂದಿನ ಬಂಪರಿನಲ್ಲಿ ಸೈಕಲ್, ಹಿಂದಿನ ಗೂಡಿನಲ್ಲಿ ಹತ್ಯಾರುಗಳಿದ್ದರೆ ಅಲ್ಲಿಂದ ತೆಗೆಯಿರಿ. ಭಾರವಾದದ್ದು ಟ್ರೇಲರ್ ಆಕ್ಸಲ್‌ಗಿಂತ ತುಸು ಮುಂದೆ, ತಗ್ಗಿನಲ್ಲಿರಲಿ. ಮತ್ತೆ ತೂಗಿ. ಓಲಾಟ ತಡೆಯುವ ಸ್ವೇ ಬಾರ್ ಆಮೇಲಿನ ಮಾತು, ಕೆಟ್ಟ ಹೇರಿಕೆಗೆ ಅದು ಮದ್ದಲ್ಲ. ಓಲಾಟ ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ.

ಪ್ರಶ್ನೆ: ತಿರುವಿನಲ್ಲಿ ಕಿರ್‌ ಎನ್ನುತ್ತದೆ. ಎಲ್ಲೆಡೆ ಗ್ರೀಸ್ ಹಚ್ಚಬಹುದೇ?

ಉತ್ತರ: ಬಾಲಿಗೂ ಬಾರು ಕೂರುವ ಗೂಡಿಗೂ ಹಚ್ಚಿ. ಉಜ್ಜಿಕೊಂಡೇ ಓಲಾಟ ತಡೆಯುವ ಪ್ಯಾಡ್‌ಗಳಿಗೆ ಮಾತ್ರ ಒಂದು ಹನಿಯೂ ಬೇಡ, ಅಲ್ಲಿ ಆ ಸದ್ದು ಸಹಜ. ಪಕ್ಕಕ್ಕೆ ಸಿಕ್ಕಿಸುವ ಫ್ರಿಕ್ಷನ್ ಬಾರ್ ಇದ್ದರೆ ರಿವರ್ಸ್ ತೆಗೆಯುವ ಮುನ್ನ ಕಳಚಿಡಿ. ಚೂಪಾಗಿ ತಿರುಗಿದರೆ ಅದು ಬಾಗಿಹೋಗುತ್ತದೆ.