ಕೆಲವು ಮುಖಗಳು ಹೆಚ್ಚಿನವರಿಗೆ ಚೆಂದ ಕಾಣುವುದೇಕೆ?

ವಿಚಿತ್ರ ಅನ್ನಿಸಬಹುದು, ಒಂದು ಮುಖ್ಯ ಕಾರಣ 'ಸರಾಸರಿತನ', ಅಂದರೆ ಹಲವು ಮುಖಗಳ ಸರಾಸರಿಗೆ ಹತ್ತಿರವಿರುವುದು. 1870ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅಪರಾಧಿಗಳ ಫೋಟೋಗಳನ್ನು ಒಂದರ ಮೇಲೊಂದು ಮೂಡಿಸಿ 'ಕಳ್ಳನ ಕಳೆ' ಹುಡುಕಲು ಹೊರಟ. ಸಿಕ್ಕಿದ್ದು ಬಿಡಿ ಫೋಟೋಗಳಿಗಿಂತ ಲಕ್ಷಣವಾದ ಮುಖ! 1990ರಲ್ಲಿ ಮನೋವಿಜ್ಞಾನಿಗಳಾದ ಲ್ಯಾಂಗ್ಲಾಯ್ಸ್ ಮತ್ತು ರಾಗ್‌ಮನ್ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿದರು. 16, 32 ಮುಖ ಬೆರೆಸಿದ ಚಿತ್ರಗಳಿಗೆ ನೋಡಿದವರು ಹೆಚ್ಚು ಅಂಕ ಕೊಟ್ಟರು. ಬೆರೆಸಿದಾಗ ಮೊಡವೆ, ಕಲೆ ಅಳಿಸಿಹೋಗುತ್ತವೆ, ಅದಕ್ಕೇ ಚೆಂದ ಎಂಬ ತಕರಾರೂ ಬಂತು. ಆದರೆ ಆಕಾರವನ್ನಷ್ಟೇ ಸರಾಸರಿ ಮಾಡಿದರೂ ಪರಿಣಾಮ ಉಳಿಯಿತು. ನೋಡಿದ ಮುಖಗಳಿಂದ ಮನಸ್ಸಿನಲ್ಲಿ ಮೂಡಿದ ಪರಿಚಿತ ಅಚ್ಚಿಗೆ ಹತ್ತಿರವಿದ್ದದ್ದು ಮಿದುಳಿಗೆ ಸಲೀಸು, ಸಲೀಸಾದದ್ದು ಹಿತ ಎನ್ನುವುದು ಒಂದು ವಿವರಣೆ.

ಮುಖದ ಅಳತೆಗಳು ಒಂದು ನಿರ್ದಿಷ್ಟ ಅನುಪಾತದಲ್ಲಿದ್ದರೆ (ಸುಮಾರು 1.618) ಚೆಂದ ಎನ್ನುವ 'ಗೋಲ್ಡನ್ ರೇಷಿಯೋ' ವಿಡಿಯೋಗಳನ್ನು ನಾನಂತೂ ನಂಬುವುದಿಲ್ಲ. ಹಾಗಂತ ಸರಾಸರಿಯೇ ತುತ್ತತುದಿಯೂ ಅಲ್ಲ: 1994ರಲ್ಲಿ ಮನೋವಿಜ್ಞಾನಿ ಪೆರೆಟ್ ತಂಡದ ಪ್ರಯೋಗದಲ್ಲಿ, ಚೆಂದವೆನಿಸಿದ ಮುಖಗಳ ಸರಾಸರಿಗೆ ಎಲ್ಲರ ಸರಾಸರಿಗಿಂತ ಹೆಚ್ಚು ಮೆಚ್ಚುಗೆ ಸಿಕ್ಕಿತು.