ಕೇಳಿ, ಹೇಳ್ತೀನಿ: ಇಂಗ್ಲಿಷಿನವರ ಮಾಡು

ಪ್ರಶ್ನೆ: ಮೇಡಂ, ಮಗಳ ಪಾಠದಲ್ಲಿ ‘ಹಿಟ್ ದ ರೂಫ್’ ಅಂತಿತ್ತು. ಪೇಪರಿನಲ್ಲಿ ಟೊಮೆಟೊ ಬೆಲೆ ‘ಥ್ರೂ ದ ರೂಫ್’ ಹೋಗಿದೆ ಅಂತಿತ್ತು. ಎರಡೂ ಒಂದೇನಾ?
– ಓದುಗರೊಬ್ಬರು, ಸಾಗರ

ಉತ್ತರ: ಒಂದೇ ಅಲ್ಲ. ‘ಹಿಟ್ ದ ರೂಫ್’ ಅಂದರೆ ಸಿಟ್ಟಿನಿಂದ ಎಗರಿಬೀಳುವುದು. ಎಗರಿದ ರಭಸಕ್ಕೆ ತಲೆ ಮಾಡಿಗೆ ತಾಗಿತು ಅಂದುಕೊಳ್ಳಿ. ರೂಫ್ ಬದಲು ಸೀಲಿಂಗ್ ಅಂದರೂ ನಡೆಯುತ್ತದೆ.

ನಾನು ಮೇಷ್ಟ್ರಗಿರಿ ಮಾಡುತ್ತಿದ್ದಾಗ ಜೂನ್ ತಿಂಗಳ ಕಿರುಪರೀಕ್ಷೆಯಲ್ಲಿ ‘ಮೈ ಫಾದರ್ ಹಿಟ್ ದ ರೂಫ್’ ಕೊಟ್ಟಿದ್ದೆ. ಒಬ್ಬ ಹುಡುಗ ‘ನಮ್ಮಪ್ಪ ಹೆಂಚು ಕೈಯಾಡಿಸಿದರು’ ಅಂತ ಬರೆದಿದ್ದ. ಮಳೆ ಹಿಡಿಯುವ ಮುಂಚೆ ಅಪ್ಪ ಏಣಿ ಹಾಕಿ ಹತ್ತಿದ್ದು, ಒಡೆದ ಹೆಂಚು ತೆಗೆದು ಕೆಳಗೆ ಕೊಟ್ಟಿದ್ದು ಅವನ ಕಣ್ಣಲ್ಲಿ ಇನ್ನೂ ಇತ್ತು. ಅರ್ಧ ಅಂಕ ಕೊಟ್ಟೆ.

‘ಗೋ ಥ್ರೂ ದ ರೂಫ್’ ಜಾಸ್ತಿ ಬಳಕೆಯಾಗುವುದು ಬೆಲೆಗೆ, ಲೆಕ್ಕಕ್ಕೆ. ನಮ್ಮ ಟೊಮೆಟೊ ಮುಗಿಲು ಮುಟ್ಟಬೇಕು, ಅವರದು ಮಾಡು ತೂತು ಮಾಡಿದರೆ ಸಾಕು! ಸಿಟ್ಟಿಗೂ ಇದನ್ನು ಹೇಳುವುದುಂಟು, ಗೊಂದಲ ಬರುವುದು ಅಲ್ಲೇ. ‘ರೈಸ್ ದ ರೂಫ್’ ಮಾತ್ರ ಬೇರೆ. ಅದು ಚಪ್ಪಾಳೆ, ಶಿಳ್ಳೆ, ಹಾಡಿನ ಗದ್ದಲ. ಮಗಳು ಅದನ್ನು ಸಿಟ್ಟಿಗೆ ಬಳಸದಿರಲಿ.

ಪ್ರಶ್ನೆ: ಖುಷಿ ಸುದ್ದಿಯನ್ನು ‘ರೂಫ್‌ಟಾಪ್’ ಮೇಲಿಂದ ಕೂಗುವುದು ಅಂತಾರಲ್ಲ, ಇಳಿಜಾರು ಮಾಡಿನ ಮೇಲೆ ನಿಲ್ಲೋದಾದರೂ ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಲೆನಾಡಿನವರಿಗೆ ಬರಬೇಕಾದ ಅನುಮಾನವೇ! ಈ ಮಾತಿನ ಬೇರು ಬೈಬಲ್ಲಿನಲ್ಲಿದೆ. ಒಳಕೋಣೆಯಲ್ಲಿ ಪಿಸುಗುಟ್ಟಿದ್ದನ್ನು ಮಾಳಿಗೆ ಮೇಲೆ ಸಾರುತ್ತಾರೆ ಅಂತ ಲೂಕನ ಸುವಾರ್ತೆಯ 12ನೇ ಅಧ್ಯಾಯ ಹೇಳುತ್ತದೆ. ಆ ಸೀಮೆಯ ಮನೆಗಳದು ಚಪ್ಪಟೆ ಮಾಳಿಗೆ, ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆಗಳ ಹಾಗೆ. ಜನ ಮೇಲೆ ಓಡಾಡುತ್ತಿದ್ದರು. ಇಂಗ್ಲೆಂಡಿಗೆ ಮಾತು ಹೋಯಿತು, ಮಾಳಿಗೆ ಹೋಗಲಿಲ್ಲ. ಕನ್ನಡಕ್ಕೆ ತರುವಾಗ ಮಾಡು ಹತ್ತಬೇಡಿ, ‘ಡಂಗುರ ಸಾರಿದ’ ಅನ್ನಿ ಸಾಕು.

ಪ್ರಶ್ನೆ: ‘ಬಿಸಿಲಿರುವಾಗಲೇ ಮಾಡು ರಿಪೇರಿ ಮಾಡು’ ಅನ್ನುವುದು ಇಂಗ್ಲಿಷ್ ಗಾದೆಯಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈಗ ಗಾದೆಯ ಹಾಗೇ ಓಡಾಡುತ್ತಿದೆ. ಅದಕ್ಕೆ ಹೆಸರು ತಂದವರು ಅಮೆರಿಕದ ಅಧ್ಯಕ್ಷ ಕೆನಡಿ. 1962ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನ ಮುಂದೆ ಹಾಗಂದರು. ದೇಶದ ವ್ಯಾಪಾರ ಚೇತರಿಸಿಕೊಂಡಿತ್ತು. ಮುಂದೆ ಮತ್ತೆ ಕುಸಿದರೆ ಏನು ಮಾಡಬೇಕೋ ಅದನ್ನು ಈಗಲೇ ಸಿದ್ಧ ಮಾಡಿಕೊಳ್ಳೋಣ ಅನ್ನುವುದು ಅವರ ವಾದ. ನನ್ನ ಹುಡುಗನ ಅಪ್ಪ ಏಣಿ ಹತ್ತಿದ್ದೂ ಇದೇ ಲೆಕ್ಕದಲ್ಲಿ ಬಿಡಿ.

ಪ್ರಶ್ನೆ: ಬಹುವಚನ ರೂಫ್ಸಾ, ರೂವ್ಸಾ?
– ವಿದ್ಯಾರ್ಥಿನಿ, ಹಾಸನ

ಉತ್ತರ: ರೂಫ್ಸ್. ರೂವ್ಸ್ ಅನ್ನುವವರೂ ಇದ್ದಾರೆ, ಪರೀಕ್ಷೆಯಲ್ಲಿ ಮಾತ್ರ ಬೇಡಮ್ಮ.