ರೀಬಿಲ್ಡ್ ಆದ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಮತ್ತೆ ಬಿಚ್ಚಿಸಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಗಾಡಿ 2010ರ ಮಾಡೆಲ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಎರಡು ತಿಂಗಳ ಹಿಂದೆ ಹೈದರಾಬಾದಿನಲ್ಲಿ ಗೇರ್‌ಬಾಕ್ಸ್ ರೀಬಿಲ್ಡ್ (ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ, ಮತ್ತೆ ಜೋಡಿಸುವುದು) ಮಾಡಿಸಿದ್ದೀರಿ. ಈಗ ಬೆಳಿಗ್ಗೆ ಲಿವರನ್ನು ಡಿಗೆ (ಮುಂದಕ್ಕೆ ಹೋಗುವ ಜಾಗಕ್ಕೆ) ಹಾಕಿದರೆ ಮೂರ್ನಾಲ್ಕು ಸೆಕೆಂಡ್ ಗಾಡಿ ಕದಲುವುದಿಲ್ಲ. ಎರಡರಿಂದ ಮೂರಕ್ಕೆ ಹೋಗುವಾಗ ಜೋರಾಗಿ ಜರ್ಕ್ ಹೊಡೆಯುತ್ತದೆ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟರೆ ಕಮಲಾಪುರ ದಾಟುವ ಹೊತ್ತಿಗೆ ಒಂದೇ ಗೇರಿನಲ್ಲಿ ನಿಂತುಬಿಡುತ್ತದೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಮಿಸ್ತ್ರಿ ‘ಇನ್ನೊಮ್ಮೆ ಬಿಚ್ಚಿ ನೋಡಬೇಕ್ರಿ’ ಅಂದಿದ್ದಾರೆ. ಬಿಚ್ಚಿಸಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಾನು ಬಿಚ್ಚಿಸಿ ಕೆಟ್ಟವನು, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಎಡಗಾಲಿಗೆ ಪೋಲಿಯೊ ಆಗಿದೆ. ಕ್ಲಚ್ ತುಳಿಯಲು ಆಗಲ್ಲ. ಆಟೋಮ್ಯಾಟಿಕ್ ಗಾಡಿ ಇದ್ದರೆ ಮಾತ್ರ ನಾನು ಯಾರನ್ನೂ ಕಾಯದೆ ಹೊರಗೆ ಹೋಗಬಲ್ಲೆ. ನನ್ನ ಹಳೆ ಗಾಡಿಯ ಬಾಕ್ಸ್ ರೀಬಿಲ್ಡ್ ಆದ ಮೇಲೆ ಹೀಗೇ ಶುರುವಾಯಿತು. ಎರಡನೇ ಸಲ ಬಿಚ್ಚಿದರು. ಗಾಡಿ ಒಂದು ತಿಂಗಳು ಗ್ಯಾರೇಜಿನಲ್ಲೇ ನಿಂತಿತು. ಆಟೋಮ್ಯಾಟಿಕ್ಕಿಗೆ ಕ್ಲಚ್ ಪೆಡಲ್ ಇಲ್ಲದಿದ್ದರೂ ಬಾಕ್ಸಿನೊಳಗೆ ಗೇರ್ ಹಿಡಿಸುವ ಕ್ಲಚ್ ಪ್ಲೇಟು ಇರುತ್ತವೆ; ಆ ಪ್ಲೇಟು, ಸೀಲು ಎಲ್ಲಾ ಹೊಸದಾಗಿಯೇ ಇತ್ತು. ತಪ್ಪು ಇದ್ದದ್ದು ಬಾಕ್ಸಿನ ಹೊರಗೆ.

ನೀವು ಬರೆದದ್ದರಲ್ಲಿ ಒಂದು ಮಾತು ತುಂಬಾ ಮುಖ್ಯ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿ ಹೋಗುತ್ತದೆ ಅಂದಿರಲ್ಲ, ಅದು. ಸವೆದ ಕ್ಲಚ್ ಪ್ಲೇಟು ಕೀ ತಿರುಗಿಸಿದ ಮಾತ್ರಕ್ಕೆ ಸರಿ ಹೋಗಲ್ಲ ಅಲ್ವಾ? ಸರಿ ಹೋಗುತ್ತಿರುವುದು ಗೇರ್‌ಬಾಕ್ಸಿನ ಕಂಪ್ಯೂಟರು. ಯಾವುದೋ ಸೆನ್ಸರಿನ ಲೆಕ್ಕ ತಾಳೆಯಾಗದಿದ್ದರೆ ಅದು ಬಾಕ್ಸನ್ನು ಕಾಪಾಡಲು ಗೇರ್ ಬದಲಿಸುವುದನ್ನೇ ನಿಲ್ಲಿಸುತ್ತದೆ. ಹಳೆ ನಾಲ್ಕು ಗೇರಿನ ಬಹಳ ಬಾಕ್ಸುಗಳು ಆಗ ಮೂರನೇ ಗೇರಿನಲ್ಲೇ ಉಳಿಯುತ್ತವೆ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ನಿಂತಲ್ಲಿಂದ ಹೊರಡುವಾಗ ಗಾಡಿ ಭಾರ ಎನಿಸಿದರೆ ಇದೇ ಅಂತ ತಿಳಿಯಿರಿ.

ಹಾಗಾದಾಗ ಕಂಪ್ಯೂಟರ್ ತನ್ನೊಳಗೆ ಒಂದು ಕೋಡ್ ಬರೆದಿಟ್ಟಿರುತ್ತದೆ. ಮೊದಲು ಸ್ಕ್ಯಾನರ್ ಹಾಕಿಸಿ. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಸಾಲದು, ಗೇರ್‌ಬಾಕ್ಸಿನ ಕಂಪ್ಯೂಟರನ್ನೂ ಓದುವಂಥದ್ದು ಬೇಕು. ಪಿ 0715 ಬಂದರೆ ಇನ್‌ಪುಟ್ ಸ್ಪೀಡ್ ಸೆನ್ಸರ್ ಕಡೆ ನೋಡಬೇಕು. ಪಿ 0720 ಬಂದರೆ ಔಟ್‌ಪುಟ್ ಸೆನ್ಸರ್. ಪಿ 0705 ಅಂದರೆ ಲಿವರ್ ಯಾವ ಜಾಗದಲ್ಲಿದೆ ಎಂದು ಹೇಳುವ ಸ್ವಿಚ್ಚು. ಬಾಕ್ಸ್ ಇಳಿಸಿ ಏರಿಸುವಾಗ ಈ ಕನೆಕ್ಟರ್‌ಗಳನ್ನೆಲ್ಲ ಕಿತ್ತು ಮತ್ತೆ ಹಾಕಿರುತ್ತಾರೆ. ಒಂದು ಪಿನ್ ಬಾಗಿದ್ದರೆ ಸಾಕು. ಲಾಕ್ ‘ಟಕ್’ ಅಂತ ಕೂರದಿದ್ದರೂ ಸಾಕು. ತಣ್ಣಗಿರುವಾಗ ಕೆಲಸ ಮಾಡುತ್ತದೆ, ಬಿಸಿಯಾದ ಮೇಲೆ ಕೈಕೊಡುತ್ತದೆ. ಬಾಕ್ಸಿಗೆ ಬರುವ ಅರ್ಥ್ ವೈರ್ ಬಿಗಿಯಾಗಿದೆಯಾ ಅಂತಲೂ ನೋಡಿಸಿ. ಪಿ 0731ರಿಂದ 0734ರವರೆಗಿನ ಕೋಡ್ ಬಂದರೆ ಗೇರುಗಳ ಲೆಕ್ಕವೇ ತಪ್ಪುತ್ತಿದೆ ಎಂದರ್ಥ. ಆಗ ಒಳಗೆ ಕ್ಲಚ್ ಪ್ಲೇಟು ಬಿಗಿಯಾಗಿ ಹಿಡಿಯದೆ ಸ್ಲಿಪ್ ಆಗುತ್ತಿರಬಹುದು. ಆದರೂ ಎಣ್ಣೆ ನೋಡದೆ ತೀರ್ಮಾನ ಬೇಡ.

ಎಣ್ಣೆಯಲ್ಲಿ ಎರಡು ಪ್ರಶ್ನೆ. ಯಾವುದು ಹಾಕಿದ್ದಾರೆ, ಎಷ್ಟು ಹಾಕಿದ್ದಾರೆ. ಕೆಂಪಗಿರುವ ಎಣ್ಣೆಯೆಲ್ಲ ಒಂದೇ ಅಲ್ಲ. ಹುಂಡೈನ ಹಳೆ ನಾಲ್ಕು ಗೇರಿನ ಬಾಕ್ಸುಗಳಿಗೆ ಎಸ್‌ಪಿ-3 ಎಂಬ ಗುಣಮಟ್ಟದ ಎಣ್ಣೆ ಬೇಕು. ಟೊಯೋಟಾದಲ್ಲಿ ಮಾಡೆಲ್ ನೋಡಿ ಟಿ-4 ಅಥವಾ ಡಬ್ಲ್ಯುಎಸ್. ಹೋಂಡಾಕ್ಕೆ ಅದರದೇ ಬೇರೆ. ಬೇರೆ ಎಣ್ಣೆ ಬಿದ್ದರೆ ಕ್ಲಚ್ ಹಿಡಿಯುವ ರೀತಿಯೇ ಬದಲಾಗುತ್ತದೆ, ಜರ್ಕ್ ಅಲ್ಲಿಂದಲೇ ಶುರುವಾಗಬಹುದು. ಬಿಲ್ಲಿನಲ್ಲಿ ಎಣ್ಣೆಯ ಹೆಸರು ಇಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಮಟ್ಟ ನೋಡುವುದರಲ್ಲಿ ಬಹಳ ಜನ ತಪ್ಪುತ್ತಾರೆ. ಎಂಜಿನ್ ಆಯಿಲ್ ನೋಡಿದ ಹಾಗೆ ಬೆಳಿಗ್ಗೆ ತಣ್ಣಗಿರುವಾಗ ನೋಡಿದರೆ ಪ್ರಯೋಜನವಿಲ್ಲ. ಡಿಪ್‌ಸ್ಟಿಕ್ ಇರುವ ಗಾಡಿಯಾದರೆ ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದು ಬನ್ನಿ. ಎಣ್ಣೆ 70–80 ಡಿಗ್ರಿಗೆ ಬರಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ತುಳಿದುಕೊಂಡು ಲಿವರನ್ನು ಪಿಯಿಂದ ಕೆಳಗಿನವರೆಗೆ ಎಲ್ಲಾ ಜಾಗಕ್ಕೂ ಒಯ್ದು ವಾಪಸ್ ಪಿಗೆ (ಪಾರ್ಕಿಂಗ್) ತನ್ನಿ. ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದು ನೋಡಿ. ಹಾಟ್ ಗುರುತಿನೊಳಗೆ ಇರಬೇಕು. ಹೋಂಡಾ ಗಾಡಿಗಳಲ್ಲಿ ಎಂಜಿನ್ ಆಫ್ ಮಾಡಿ ನೋಡುವ ಕ್ರಮ ಇದೆ, ಹಾಗಾಗಿ ಗಾಡಿಯ ಜೊತೆ ಬಂದ ಪುಸ್ತಕ ಒಮ್ಮೆ ತೆರೆಯಿರಿ. ರೀಬಿಲ್ಡ್ ಆದ ಬಾಕ್ಸಿನಲ್ಲಿ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಖಾಲಿ ಇರುತ್ತದೆ. ಅದು ತುಂಬಿಕೊಂಡ ಮೇಲೆ ಮಟ್ಟ ಇಳಿಯುತ್ತದೆ. ಎರಡನೇ ಸಲ ನೋಡಿ ತುಂಬಿಸದಿದ್ದರೆ ಬೆಳಿಗ್ಗೆ ಡಿ ಹಿಡಿಯಲು ತಡವಾಗುತ್ತದೆ. ನಿಮ್ಮದು ಇದೇ ಇರಬಹುದು ಅಂತ ನನಗೆ ಬಲವಾದ ಅನುಮಾನ.

ಇನ್ನು ಬಿಸಿಯ ಮಾತು. ನನ್ನ ಗಾಡಿಯನ್ನು ಕೆಡಿಸಿದ್ದು ಇದೇ. ನಮ್ಮೂರಲ್ಲಿ ಮೇ ತಿಂಗಳಲ್ಲಿ 42–43 ಡಿಗ್ರಿ ಸಾಮಾನ್ಯ. ಹಳೆ ಗಾಡಿಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ರೇಡಿಯೇಟರಿನ ಒಳಗಿರುವ ಸಣ್ಣ ಕೂಲರ್ ಮೂಲಕ ಹಾದು ತಣ್ಣಗಾಗುತ್ತದೆ. ಹಳೆ ಬಾಕ್ಸ್ ಕೆಟ್ಟಾಗ ಸುಟ್ಟ ಕ್ಲಚ್ಚಿನ ಪುಡಿ ಆ ಕೂಲರಿನಲ್ಲಿ ಕೂತಿರುತ್ತದೆ. ಬಾಕ್ಸ್ ಹೊಸದು ಮಾಡಿ ಕೂಲರ್ ತೊಳೆಯದೆ ಬಿಟ್ಟರೆ ಎಣ್ಣೆಗೆ ದಾರಿ ಕಿರಿದಾಗುತ್ತದೆ. ಆ ಪುಡಿ ಮತ್ತೆ ಹೊಸ ಬಾಕ್ಸಿಗೂ ಬರುತ್ತದೆ. ಜೊತೆಗೆ ನಮ್ಮ ಕಡೆಯದು ಸುಣ್ಣದ ನೀರು. ಶಹಾಬಾದ್ ಕಲ್ಲು ಸಿಗುವ ನೆಲದಲ್ಲಿ ಬೋರ್‌ವೆಲ್ ನೀರು ಇನ್ನು ಹೇಗಿರುತ್ತದೆ! ಬಿಂದಿಗೆ ತೊಳೆಯುವಾಗ ಕಾಣುವ ಬಿಳಿ ಪದರ ರೇಡಿಯೇಟರಿನಲ್ಲೂ ಕಟ್ಟುತ್ತದೆ. ನಾನು ವರ್ಷಗಟ್ಟಲೆ ಕೂಲಂಟ್ ಬದಲು ಬೋರ್ ನೀರೇ ಸುರಿದಿದ್ದೆ. ಕೊನೆಗೆ ಒಬ್ಬ ವಯಸ್ಸಾದ ರೇಡಿಯೇಟರ್ ಮಿಸ್ತ್ರಿ ಅದನ್ನು ಇಳಿಸಿ ತೋರಿಸಿದರು. ಒಂದು ಕಡೆ ಸುಣ್ಣ, ಇನ್ನೊಂದು ಕಡೆ ಕಪ್ಪು ಪುಡಿ. ರೇಡಿಯೇಟರ್ ಬದಲಿಸಿ, ಮುಂದೆ ಗಾಳಿ ಬೀಸುವ ಕಡೆ ಬೇರೆ ಒಂದು ಎಣ್ಣೆ ಕೂಲರ್ ಹಾಕಿಸಿದೆ. ಆಮೇಲೆ ಬಿಸಿಲಲ್ಲೂ ಬೀದರ್‌ವರೆಗೆ ಹೋಗಿ ಬಂದಿದ್ದೇನೆ. ಎಣ್ಣೆ ಗುಲಾಬಿ ಹಾಲಿನ ಹಾಗೆ ಕಂಡರೆ ಮಾತ್ರ ಗಾಡಿ ಓಡಿಸಲೇಬೇಡಿ. ರೇಡಿಯೇಟರ್ ನೀರು ಬಾಕ್ಸಿಗೆ ಸೇರಿದೆ ಎಂದರ್ಥ.

ಜರ್ಕಿಗೆ ಇನ್ನೊಂದು ಕಾರಣ ಇರುತ್ತದೆ. ಹಳೆ ಸವೆದ ಪ್ಲೇಟುಗಳಿಗೆ ಎಷ್ಟು ಒತ್ತಡ ಕೊಡಬೇಕು ಎಂದು ಕಂಪ್ಯೂಟರ್ ಕಲಿತಿಟ್ಟುಕೊಂಡಿರುತ್ತದೆ. ಪ್ಲೇಟು ಹೊಸದಾದರೂ ಅದು ಹಳೆ ಲೆಕ್ಕದಲ್ಲೇ ಒತ್ತುತ್ತದೆ. ಸ್ಕ್ಯಾನರಿನಿಂದ ಆ ಕಲಿಕೆ ಅಳಿಸಬೇಕು. ಬ್ಯಾಟರಿ ತಂತಿ ಬಿಚ್ಚಿದರೆ ಎಲ್ಲ ಗಾಡಿಗಳಲ್ಲೂ ಅಳಿಯಲ್ಲ. ಅಳಿಸಿದ ಮೇಲೆ ಎಣ್ಣೆ ಬಿಸಿ ಇರುವಾಗ, ಆಕ್ಸಿಲರೇಟರ್ ಒಂದೇ ಸಮ ಹಿಡಿದು, ಒಂದರಿಂದ ನಾಲ್ಕರವರೆಗೆ ಹಲವು ಸಲ ಏರಿಸಿ ಇಳಿಸಬೇಕು. ಬೆಳಗಿನ ಜಾವ ಸೇಡಂ ರಸ್ತೆ ಖಾಲಿ ಇರುವಾಗ ನಾನು ಇದನ್ನು ಮಾಡಿದೆ. ಜರ್ಕ್ ನಿಧಾನಕ್ಕೆ ಇಳಿಯಿತು.

ಹಾಗಂತ ಬಿಚ್ಚಲೇಬಾರದು ಅಂತಲ್ಲ. ಎರಡೇ ತಿಂಗಳಿಗೆ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಬಾಕ್ಸಿನ ತಳದ ಎಣ್ಣೆ ಪ್ಯಾನಿನಲ್ಲಿ ಲೋಹದ ಚೂರು ಸಿಕ್ಕರೆ, ರಿವರ್ಸ್ ಹಿಡಿಯದಿದ್ದರೆ ಬಿಚ್ಚಬೇಕು. ಆ ಪ್ಯಾನಿನ ಮ್ಯಾಗ್ನೆಟ್ ಮೇಲೆ ನುಣ್ಣನೆ ಬೂದು ಪೇಸ್ಟ್ ಇದ್ದರೆ ಗಾಬರಿ ಬೇಡ, ಅದು ಇರುತ್ತದೆ. ಬಿಚ್ಚುವುದಾದರೆ ರೀಬಿಲ್ಡ್ ಮಾಡಿದವರೇ ವಾರಂಟಿಯಲ್ಲಿ ಬಿಚ್ಚಲಿ. ಬೇರೆಯವರು ಕೈ ಹಾಕಿದರೆ ಅವರು ಜವಾಬ್ದಾರಿ ತಪ್ಪಿಸಿಕೊಳ್ಳಬಹುದು. ಟಾರ್ಕ್ ಕನ್ವರ್ಟರ್ ಬದಲಿಸಿದ್ದಾರಾ ಅಂತಲೂ ಕೇಳಿ. ಅದು ಬೆಸುಗೆ ಹಾಕಿದ ಡಬ್ಬಿ, ಕತ್ತರಿಸದೆ ಒಳಗೆ ಸ್ವಚ್ಛ ಮಾಡಲು ಬರಲ್ಲ. ಹಳೆಯದನ್ನೇ ಹಾಕಿದ್ದರೆ ಹಳೆ ಕಸವೂ ಜೊತೆಗೇ ಬಂದಿರುತ್ತದೆ.

ಅಲ್ಲಿಯವರೆಗೆ ಲಿಂಪ್ ಮೋಡಿನಲ್ಲಿ ದೂರ ಓಡಿಸಬೇಡಿ. ಗಾಡಿ ನಿಂತುಹೋದರೆ, ಎಂಜಿನ್ ತಿರುಗಿಸುವ ಚಕ್ರ (ಬಹಳ ಗಾಡಿಗಳಲ್ಲಿ ಮುಂದಿನವು) ನೆಲದಲ್ಲಿಟ್ಟು ಎಳೆಸಬೇಡಿ. ಎಂಜಿನ್ ಓಡದಿದ್ದರೆ ಬಾಕ್ಸಿನ ಪಂಪೂ ಓಡಲ್ಲ, ಒಳಗೆ ಎಣ್ಣೆ ಹರಿಯಲ್ಲ. ಇಡೀ ಗಾಡಿಯನ್ನು ಮೇಲೆ ಏರಿಸಿ ಒಯ್ಯುವ ಟ್ರಕ್ಕನ್ನೇ ಕರೆಸಿ.

ಸ್ಕ್ಯಾನ್ ಮಾಡಿಸಿ ಬಂದ ಕೋಡ್, ಕಡ್ಡಿಯ ಮೇಲಿನ ಎಣ್ಣೆಯ ಬಣ್ಣ, ಎರಡನ್ನೂ ಇಲ್ಲಿ ಬರೆಯಿರಿ. ನೋಡಿ ಹೇಳುತ್ತೇನೆ.